ನಲವತ್ತು ಬಿಲ್ಲೆಗಳ ಕಾಕೂ

ಹೋದ ತಿಂಗಳು ವೈನಿ ಫೋನ್ ಮಾಡಿದಾಗ ನಾನು ಪುಣೆಯ ವಾಕಡದ ಮನೆಯ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಆರಾಮ ಇದ್ದೀರಾ, ಊಟ ಆಯಿತಾ ಎಂಬ ಮಾತೇ ಇಲ್ಲ. ನೇರ ವಿಷಯಕ್ಕೆ ಬಂದರು.

"ಈ ರವಿವಾರ ಗೇಟ್ ಹಾಕೂದದರಿ. ಕಡೀ ಅನೌನ್ಸ್‌ಮೆಂಟ್ ನಿಮ್ಮ ಕಡಿಂದನ ಮಾಡಸ್ರಿ ಅಂತ ಅತ್ಯಾರು ಹೇಳಿ ಹೋಗ್ಯಾರ."

"ಯಾವ ಅನೌನ್ಸ್‌ಮೆಂಟು?" ಎಂದೆ. ಗೊತ್ತಿದ್ದೂ ಕೇಳಿದೆ.

"ನಿಮಗ ಗೊತ್ತದ," ಎಂದು ವೈನಿ ಫೋನ್ ಇಟ್ಟರು.

ಆ ಒಂದು ವಾಕ್ಯವನ್ನು ನಾನು ಹನ್ನೊಂದು ವರ್ಷದಿಂದ ಆಡಿಲ್ಲ. ಮನೆಯಲ್ಲಿ ಯಾರಾದರೂ ಆ ಅರ್ಥದ ಮಾತು ಆಡಿದರೂ ಎದ್ದು ಒಳಗೆ ಹೋಗುತ್ತೇನೆ. ಹೆಂಡತಿಗೆ ಇದು ಗೊತ್ತು, ನೆಂಟರು ಊಟಕ್ಕೆ ಬಂದ ದಿನ "ಎಲ್ಲಾರೂ ಬಂದ್ರೇನು?" ಎಂದು ಅವಳು ನನ್ನನ್ನು ಕೇಳುವುದಿಲ್ಲ, ತಾನೇ ಬಾಗಿಲಿಗೆ ಹೋಗಿ ನೋಡುತ್ತಾಳೆ.

ವೈನಿ ಅತ್ಯಾರು ಎಂದದ್ದು ಅವರ ಅತ್ತೆಗೆ. ನಮಗೆಲ್ಲ ಅವರು ಕಾಕೂ, ಅಂದರೆ ಚಿಕ್ಕಮ್ಮ. ನನಗೆ ಇವರಿಬ್ಬರೊಡನೆಯೂ ರಕ್ತಸಂಬಂಧವೇನೂ ಇಲ್ಲ. ಪುಣೆಯ ಅಂಚಿನ ಒಂದು ಕೆರೆಯ ದಂಡೆಯ ಮೇಲೆ, ಬೆಳಗಾವಿ ಕಡೆಯ ಒಂದು ಮನೆತನ ಮೂರು ತಲೆಮಾರಿನಿಂದ ನಡೆಸಿಕೊಂಡು ಬಂದ ಆಟದ ಪಾರ್ಕಿನ ಹಿರಿಯ ಜೀವ ಕಾಕೂ. ಮರಾಠಿ ಮಂದಿ, ಕನ್ನಡ ಮಂದಿ, ಐಸ್‌ಕ್ರೀಮಿನವನು, ಪಾರ್ಕಿಗೆ ಬಂದ ಕಾಲೇಜು ಹುಡುಗಿಯರು, ಎಲ್ಲರ ಬಾಯಲ್ಲೂ ಕಾಕೂ. ಅವರ ನಿಜವಾದ ಹೆಸರನ್ನು ನಾನು ಮೊದಲ ಸಲ ಓದಿದ್ದು ಆಸ್ಪತ್ರೆಯ ಚೀಟಿಯಲ್ಲಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರೋ ಬೇರೆಯವರ ಬಗ್ಗೆ ಬರೆದಂತಾಗುತ್ತದೆ.

ಪಾರ್ಕು ಶುರುವಾದದ್ದು ಒಂದು ಎತ್ತಿನ ಕಾಲಿನಿಂದ. ಕಾಕೂನ ಮಾವ ನಾಲ್ಕು ತೊಟ್ಟಿಲಿನ ಮರದ ರಾಟೆಯನ್ನು ಗಾಡಿಯ ಮೇಲೆ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗುತ್ತಿದ್ದವರು. ಈ ಕೆರೆಯ ಹತ್ತಿರ ಬಂದಾಗ ಒಂದು ಎತ್ತು ಕುಂಟಿತು. ಅದರ ಕಾಲು ನೆಟ್ಟಗಾಗುವವರೆಗೆ ಎಂದು ಅಲ್ಲೇ ರಾಟೆ ನೆಟ್ಟರು. ಎತ್ತು ಎಂಟು ದಿನದಲ್ಲಿ ನೆಟ್ಟಗಾಯಿತು, ರಾಟೆ ಮಾತ್ರ ಮೇಲೇಳಲಿಲ್ಲ. ಮುಂದೆ ಅವರ ಮಗ, ಅಂದರೆ ಕಾಕೂನ ಗಂಡ, ರಾಟೆಗೆ ಮೋಟರು ಕೂಡಿಸಿದರು. ಪುಟಾಣಿ ರೈಲು ಬಂತು, ಕನ್ನಡಿ ಮನೆ ಬಂತು, ಆಚೆ ಈಚೆ ತೂಗಿ ಹೊಟ್ಟೆ ತೊಳಸುವ ಕೋಲಂಬಸ್ ಹಡಗು ಬಂತು. ಕೊನೆಗೆ ಕೆರೆಗೆ ಕಾಲಿನಿಂದ ತುಳಿಯುವ ದೋಣಿಗಳು ಇಳಿದವು.

ದೋಣಿ ಇಳಿದ ಮೊದಲ ವರ್ಷವೇ ಒಬ್ಬ ಪುಣ್ಯಾತ್ಮ ಆಚೆ ದಂಡೆಯಲ್ಲಿ ಇಳಿದು, ಯಾರಿಗೂ ಹೇಳದೆ ನಡೆದು ಮನೆ ಸೇರಿಬಿಟ್ಟ. ಇವರು ಬೆಳಗಾಗುವತನಕ ಕೆರೆಗೆ ಗಾಳ ಹಾಕಿ ಹುಡುಕಿದರು. ಆತ ಸಿಕ್ಕಿದ್ದು ತನ್ನ ಮನೆಯ ಕಟ್ಟೆಯ ಮೇಲೆ, ಹಲ್ಲುಜ್ಜುತ್ತ. ಕಾಕೂನ ಗಂಡ ಅವನನ್ನು ಅಪ್ಪಿಕೊಂಡು ಅತ್ತರು. ಆಗಿನ್ನೂ ಹೊಸ ಸೊಸೆಯಾಗಿದ್ದ ಕಾಕೂ ಅವನಿಗೆ ಜನ್ಮ ಜಾಲಾಡುವಂತೆ ಬೈದು ಮನೆಗೆ ಬಂದರು. ಬಂದವರೇ ತವರಿನಿಂದ ತಂದ ಹಿತ್ತಾಳೆ ಹಂಡೆಯನ್ನು ಪುಣೆಯ ಕಂಚುಗಾರರ ಓಣಿ ತಾಂಬಟ ಆಳಿಗೆ ಹೊತ್ತುಕೊಂಡು ಹೋಗಿ ತುಂಡು ಮಾಡಿಸಿದರು. ಅದರಿಂದ ನಲವತ್ತು ಬಿಲ್ಲೆಗಳಾದವು.

ಅಂದಿನಿಂದ ದೋಣಿಕಟ್ಟೆಯ ತಗಡಿನ ಮಾಡಿನ ಕೆಳಗೆ ಒಂದು ಹಲಗೆ, ನಲವತ್ತು ಮೊಳೆ, ನಲವತ್ತು ಬಿಲ್ಲೆ, ಮತ್ತು ಇಳಕಲ್ ಸೀರೆಯ ಕಾಕೂ. ನೀರಿಗೆ ಹೋಗುವವರ ಅಂಗೈಗೆ ಬಿಲ್ಲೆ ಇಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ತಾವೇ ಮಡಚಿ ಮುಷ್ಟಿ ಮಾಡಿಸುತ್ತಿದ್ದರು. "ಹಾ ತುಝಾ ಜೀವ ಆಹೆ, ಸಾಂಭಾಳ," ಎನ್ನುತ್ತಿದ್ದರು. ಕನ್ನಡದವರು ಸಿಕ್ಕರೆ, "ಇದು ನಿನ್ನ ಜೀವಾ. ಕಳದ್ರ ನನಗ ಕೇಳಬ್ಯಾಡ." ಜೀವ ಕಳೆದುಕೊಂಡವನು ಬಂದು ಹೇಗೆ ಕೇಳುತ್ತಾನೆ ಎಂದು ಯಾರೂ ವಾದಿಸಲಿಲ್ಲ. ಹಿಂದಿರುಗಿದವರು ಬಿಲ್ಲೆಯನ್ನು ಮೊಳೆಗೆ ಹಾಕಿಯೇ ಮುಂದೆ ಹೋಗಬೇಕು. ಒಂದೇ ಒಂದು ಮೊಳೆ ಖಾಲಿ ಇದ್ದರೂ ಗೇಟು ಹಾಕುವಂತಿಲ್ಲ, ಕೆಲಸದವರು ಮನೆಗೆ ಹೋಗುವಂತಿಲ್ಲ, ಕಾಕೂ ತುತ್ತು ಬಾಯಿಗಿಡುವಂತಿಲ್ಲ.

ಒಮ್ಮೆ ಆ ಭಾಗದ ಪುಢಾರಿಯೊಬ್ಬ ಹಿಂಬಾಲಕರೊಂದಿಗೆ ಬಂದು ದೋಣಿ ಹತ್ತಿದ. ನನಗೆಂಥ ಬಿಲ್ಲೆ ಎಂದ. ಕಾಕೂ ಎದ್ದು ದೋಣಿಯ ಸರಪಳಿಯ ಮೇಲೆ ಕಾಲಿಟ್ಟು ನಿಂತರು. "ಸಾಹೇಬರ, ನೀರಿಗೆ ನಂಟಸ್ತನ ಇಲ್ಲರಿ," ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿದರು. ಆತ ಮುಖ ಗಂಟಿಕ್ಕಿಕೊಂಡೇ ಕೈ ಚಾಚಿದ. ಕಾಕೂ ಅವನ ಬೆರಳನ್ನೂ ಒಂದೊಂದಾಗಿ ಮಡಚಿದರು.

ನನ್ನನ್ನು ಅವರು ಹಿಡಿದದ್ದು ಬಸ್ ನಿಲ್ದಾಣದಲ್ಲಿ. ಧಾರವಾಡದಿಂದ ಬಂದು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಕಾರಕೂನನಾಗಿದ್ದೆ. ಹೊರಟ ಬಸ್ಸನ್ನು ನಿಲ್ಲಿಸಲು ನಾನು ಒದರಿದ್ದು ಕೇಳಿ, ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಹೆಂಗಸು ಎರಡೂ ಕಿವಿ ಮುಚ್ಚಿಕೊಂಡಳು. ಬಸ್ಸು ಹೋಯಿತು. ಅವಳು ಕೈ ತೆಗೆದು, "ತಮ್ಮಾ, ಈ ಗಂಟಲ ನನಗ ಬೇಕಾಗೇದ," ಎಂದಳು. ಹೀಗೆ ನಾನು ರವಿವಾರ ಮತ್ತು ರಜೆಯ ದಿನಗಳಲ್ಲಿ ಆ ಪಾರ್ಕಿನ ಮೈಕಿನ ಮುಂದೆ ಕೂತೆ. ಕಳೆದುಹೋದ ಮಕ್ಕಳ ಅಂಗಿಯ ಬಣ್ಣ ಹೇಳುವುದು, ರೈಲು ಹೊರಡುವುದನ್ನು ಹೇಳುವುದು, ಸಂಜೆ ಹಲಗೆ ತುಂಬಿದ ಮೇಲೆ ಆ ವಾಕ್ಯ ಹೇಳುವುದು ನನ್ನ ಕೆಲಸ. "ಸಗಳೇ ಪರತ ಆಲೇ ಆಹೇತ. ಪಾಣ್ಯಾತ ಕೋಣೀಹೀ ನಾಹೀ." ಎಲ್ಲರೂ ಮರಳಿ ಬಂದಿದ್ದಾರೆ, ನೀರಿನಲ್ಲಿ ಯಾರೂ ಇಲ್ಲ. ಮೊದಲು ಮರಾಠಿ, ಆಮೇಲೆ ಹಿಂದಿ. ಅದನ್ನು ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ವಾರಕ್ಕೊಂದು ಪುಣ್ಯದ ಮಾತು ಆಡಿದ ಹೆಮ್ಮೆ.

ಇಷ್ಟು ಬಿಗಿ ಹೆಂಗಸಿನ ಕಟ್ಟಳೆಯಲ್ಲಿ ಒಂದೇ ಒಂದು ಸಡಿಲವಿತ್ತು. ಮನೆಯವರಿಗೆ ಬಿಲ್ಲೆ ಇರಲಿಲ್ಲ. ಮಗನಿಗಿಲ್ಲ, ಸೊಸೆಗಿಲ್ಲ, ಕೆಲಸದವರಾದ ನಮಗೂ ಇಲ್ಲ, ನಾವೂ ಮನೆಯವರೇ. ಕೇಳಿದರೆ, "ಮನೀ ಮಂದೀನ ಎಣಸಬಾರದು. ಎಣಸಿದ್ರ ಕಡಿಮಿ ಆಗ್ತಾರ," ಎನ್ನುತ್ತಿದ್ದರು. ಮನೆಯಲ್ಲಿ ರೊಟ್ಟಿಯನ್ನೂ ಎಣಿಸುತ್ತಿರಲಿಲ್ಲ. ಚಹಾ ಸುರಿಯುವಾಗಲೂ ಎಷ್ಟು ಗ್ಲಾಸು ಎಂದು ಲೆಕ್ಕವಿಲ್ಲ, ಇದು ಇವನದು, ಇದು ಅವಳದು ಎಂದು ಮನಸ್ಸಿನಲ್ಲೇ ಮುಖ ನೆನೆದು ಸುರಿಯುವುದು. ನಮ್ಮ ಕಡೆ ಇಂಥ ನಂಬಿಕೆ ಹೊಸದಲ್ಲ. ನನ್ನವ್ವನೂ ಐದು ಮಕ್ಕಳಿದ್ದರೂ ಐದು ಎಂದವಳಲ್ಲ, "ಅದಾವ, ದೇವರು ಕೊಟ್ಟಷ್ಟು" ಎನ್ನುತ್ತಿದ್ದಳು. ಹಾಗಾಗಿ ಇದರಲ್ಲಿ ತಪ್ಪಿದೆ ಎಂದು ನನಗೆ ಯಾವತ್ತೂ ಅನ್ನಿಸಲಿಲ್ಲ.

ಅನ್ನಿಸಿದ್ದು ವೈನಿಗೆ. ಹುಬ್ಬಳ್ಳಿಯ ಹುಡುಗಿ, ಇಂಜಿನಿಯರಿಂಗ್ ಓದಿದವರು. ಮದುವೆಯಾಗಿ ಬಂದವರೇ ಕೋಲಂಬಸ್ಸಿನ ಬೋಲ್ಟುಗಳನ್ನೆಲ್ಲ ಬಿಚ್ಚಿಸಿ ನೋಡಿದರು, ದೋಣಿ ಹತ್ತುವವರಿಗೆಲ್ಲ ಕೇಸರಿ ಬಣ್ಣದ ಲೈಫ್ ಜಾಕೆಟ್ ತಂದರು. ಕಾಕೂ ಗೊಣಗುತ್ತಲೇ ಒಪ್ಪಿದರು. ಬಿಲ್ಲೆಯ ವಿಷಯದಲ್ಲಿ ಮಾತ್ರ ಅತ್ತೆ ಸೊಸೆ ಎಣ್ಣೆ ಸೀಗೆಕಾಯಿ.

ಹನ್ನೊಂದು ವರ್ಷದ ಹಿಂದಿನ ಆ ಮೇ ತಿಂಗಳ ರವಿವಾರ ಮಧ್ಯಾಹ್ನವೂ ಅದೇ ಜಗಳ ನನ್ನ ಕಣ್ಣೆದುರೇ ಆಯಿತು. ಕೆರೆಯ ಮೇಲೆ ಚಾಪೆ ಹಾಸಿದಂತೆ ಜಲಪರ್ಣಿ ಬೆಳೆದು, ಆಚೆ ಮೂಲೆಯಲ್ಲಿ ಒಡ್ಡಿನ ಹತ್ತಿರದ ಪಂಪಿನ ಬಾಯಿಗೆ ಸಿಕ್ಕಿಕೊಂಡಿತ್ತು. ಈ ಕಳೆಗೆ ನಮ್ಮೂರ ಕಡೆ ಅಂತರಗಂಗೆ ಎನ್ನುತ್ತಾರೆ. ಹೆಸರು ಚಂದ, ಬುದ್ಧಿ ಕೆಟ್ಟದ್ದು. ಅದನ್ನು ಕಿತ್ತು ಹಾಕಲು ವೈನಿ ಜಾಕೆಟ್ ತೊಟ್ಟು, ಕೊಕ್ಕೆ ಹಿಡಿದು, ತಗಡಿನ ಚಪ್ಪಟೆ ದೋಣಿಯ ಹತ್ತಿರ ಬಂದರು. ಹಲಗೆಯ ಮುಂದೆ ನಿಂತು ಕೈ ಚಾಚಿದರು.

"ಅತ್ಯಾರ, ಒಂದು ಬಿಲ್ಲೆ ಕೊಡ್ರಿ."

"ನಿನಗ್ಯಾಕ?"

"ನೀರಿಗೆ ನಂಟಸ್ತನ ಇಲ್ಲ ಅಂತ ಊರಿಗೆಲ್ಲಾ ಹೇಳ್ತೀರಲ್ಲಾ. ನಾ ಏನು ನೀರಿನ ನಂಟಳೇನ್ರಿ?"

ನಾನು ನಕ್ಕೆ. ಕಾಕೂ ನಗಲಿಲ್ಲ. "ಮನೀ ಸೊಸೀನ ಮೊಳಿಗೆ ತೂಗಹಾಕಂತೀಯೇನು? ಹೋಗು, ಲಗೂನ ಬಾ," ಎಂದರು. ವೈನಿ ಚಾಚಿದ ಕೈಯನ್ನು ಒಂದು ಕ್ಷಣ ಹಾಗೇ ಹಿಡಿದಿದ್ದು, ಆಮೇಲೆ ಕೊಕ್ಕೆ ಎತ್ತಿಕೊಂಡು ಹೊರಟರು.

ನಾಲ್ಕು ಗಂಟೆಯ ಸುಮಾರಿಗೆ ಪಡುವಣದಲ್ಲಿ ಮೋಡ ಕಪ್ಪಿಟ್ಟಿತು. ಪುಣೆಯ ಬೇಸಿಗೆ ಮಳೆಗೆ ಮುನ್ಸೂಚನೆ ಎಂಬುದಿಲ್ಲ, ಮೊದಲು ದೂಳು, ಅದರ ಹಿಂದೆಯೇ ಮಳೆ. ಕಾಕೂ ಗಂಟೆ ಬಾರಿಸಿದರು. ದೋಣಿಗಳೆಲ್ಲ ತಿರುಗಿದವು. ನೀರಿನ ಮೇಲೆ ಮೂವತ್ತೊಂದು ಜನ, ಹಲಗೆಯ ಮೇಲೆ ಮೂವತ್ತೊಂದು ಖಾಲಿ ಮೊಳೆ. ಅಂಬಿಗ ಪಾಂಡು ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ದಂಡೆಗೆ ಎಳೆಯುತ್ತಿದ್ದ, ಕಾಕೂ ಒಂದೊಂದೇ ಬಿಲ್ಲೆ ಇಸಿದುಕೊಂಡು ಮೊಳೆಗೆ ಹಾಕುತ್ತಿದ್ದರು. ಗಾಳಿಗೆ ಬಿಲ್ಲೆಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ಕೊನೆಯ ಬಿಲ್ಲೆ ಬಂದ ಮೇಲೆ ಕಾಕೂ ನಲವತ್ತನ್ನೂ ಬೆರಳಿನಿಂದ ಮುಟ್ಟಿ, ದೋಣಿಕಟ್ಟೆಯ ಸರಪಳಿ ಎಳೆದು ಬೀಗ ಹಾಕಿ, ನನ್ನ ಕಡೆ ನೋಡಿ ತಲೆಯಾಡಿಸಿದರು.

ನಾನು ಮೈಕು ಹಿಡಿದು ಹೇಳಿದೆ. ಎಲ್ಲರೂ ಮರಳಿ ಬಂದಿದ್ದಾರೆ, ನೀರಿನಲ್ಲಿ ಯಾರೂ ಇಲ್ಲ. ದಂಡೆಯ ಮೇಲೆ ತಮ್ಮವರನ್ನು ಹುಡುಕುತ್ತಿದ್ದ ಜನ ಗಾಬರಿಯಾಗದಿರಲಿ ಎಂದು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದೆ. ಅಷ್ಟರಲ್ಲಿ ಸಿಡಿಲು ಹೊಡೆದು ಕರೆಂಟು ಹೋಯಿತು.

ಮಳೆ ಹುಯ್ಯತೊಡಗಿತು. ನಾವು ಕೆಲಸದವರೆಲ್ಲ ಚಹಾದ ಶೆಡ್ಡಿನಲ್ಲಿ ಸೇರಿದೆವು. ಕಾಕೂನ ಮಗ ರಾಟೆಯ ಬೇರಿಂಗ್ ತರಲು ಕೊಂಢವಾಕ್ಕೆ ಹೋಗಿದ್ದ. ಕಾಕೂ ಕಿಟ್ಟಲಿಯಿಂದ ಚಹಾ ಸುರಿದರು, ಎಲ್ಲರೂ ತಮ್ಮ ತಮ್ಮ ಗ್ಲಾಸು ಎತ್ತಿಕೊಂಡರು. ತಟ್ಟೆಯ ಮೇಲೆ ಒಂದು ಗ್ಲಾಸು ಉಳಿಯಿತು. ಸಕ್ಕರೆ ಇಲ್ಲದ, ಬರೀ ಶುಂಠಿಯ ಚಹಾ. ಅಂಥ ಚಹಾ ಕುಡಿಯುವವರು ಆ ಪಾರ್ಕಿನಲ್ಲಿ ಒಬ್ಬರೇ.

ಕಾಕೂ ಆ ಗ್ಲಾಸನ್ನೇ ನೋಡಿದರು. "ಇದು ಯಾರದು?" ಎಂದರು.

ಪಾಂಡು ಕೈಯಲ್ಲಿದ್ದ ಗ್ಲಾಸು ಬಿಟ್ಟ. "ಕಾಕೂ, ವಹಿನೀ!" ಎಂದು ಹಣೆ ಬಡಿದುಕೊಂಡು ಓಡಿದ.

ನಾವು ದೋಣಿಕಟ್ಟೆಗೆ ಹೋದಾಗ ಕಾಕೂ ಸರಪಳಿಯ ಮುಂದೆ ಕೂತು ಕೀಲಿ ಹಾಕಲು ಒದ್ದಾಡುತ್ತಿದ್ದರು. ನಲವತ್ತು ವರ್ಷ ಕಣ್ಣು ಮುಚ್ಚಿ ತೆಗೆದ ಬೀಗ ಅದು. ಈಗ ಕೀಲಿ ತೂತಿಗೆ ಕೂಡುತ್ತಿರಲಿಲ್ಲ. ಪಾಂಡು ಸರಪಳಿ ಹಾರಿ ಮೋಟರ್ ದೋಣಿ ಚಾಲೂ ಮಾಡಿದ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಅದರ ಪಂಖಕ್ಕೆ ಜಲಪರ್ಣಿ ಸುತ್ತಿಕೊಂಡು ಯಂತ್ರ ಸತ್ತಿತು. ಗಾಳಿಗೆ ಆ ಕಳೆಯ ಚಾಪೆ ಇಡೀ ಕೆರೆಯ ಮೇಲೆ ಸರಿದಾಡುತ್ತಿತ್ತು. ಆಚೆಯ ಮೂಲೆ ಮಳೆಯಲ್ಲಿ ಕಾಣುತ್ತಲೇ ಇರಲಿಲ್ಲ. ಪಾಂಡು ಕೈಯಿಂದ ನೀರು ಎಳೆಯುತ್ತ ಮರಳಿ ಬಂದ. ನಾವಿಬ್ಬರೂ ಒಂದು ತುಳಿಯುವ ದೋಣಿ ಹತ್ತಿದೆವು. ನನಗೆ ಈಜು ಬರುವುದಿಲ್ಲ. ಅದು ನೆನಪಾದದ್ದೂ ಮರುದಿನ.

ಮೈಕಿಲ್ಲ, ಕರೆಂಟಿಲ್ಲ. ಬರೀ ಗಂಟಲಿನಿಂದ "ವೈನೀ!" ಎಂದು ಒದರಿದೆ. ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ತುಳಿದೆವು, ಒದರಿದೆ, ತುಳಿದೆವು, ಒದರಿದೆ. ಪಾಂಡು ತನ್ನ ದೇವರುಗಳನ್ನೆಲ್ಲ ಕರೆಯುತ್ತಿದ್ದ. ಎಷ್ಟು ಹೊತ್ತೋ ಗೊತ್ತಿಲ್ಲ, ನನ್ನ ದನಿ ಒಡೆದು ಹೋಗುವ ಹೊತ್ತಿಗೆ ಒಡ್ಡಿನ ಕಡೆಯಿಂದ ತಗಡು ಬಡಿದ ಸದ್ದು ಬಂತು. ಒಂದು ಸಲ. ನಾನು ಮತ್ತೆ ಕೂಗಿದೆ. ಎರಡು ಸಲ.

ತಗಡಿನ ದೋಣಿ ಬೋರಲು ಬಿದ್ದಿತ್ತು. ವೈನಿ ಕುತ್ತಿಗೆಯವರೆಗೆ ಜಲಪರ್ಣಿಯಲ್ಲಿ ಹುದುಗಿ, ಒಂದು ಕೈಯಿಂದ ದೋಣಿಯ ಅಂಚು ಹಿಡಿದಿದ್ದರು. ಆ ಕೇಸರಿ ಜಾಕೆಟ್ ಇಲ್ಲದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಪಾಂಡು ಹಗ್ಗ ಎಸೆದ. ಅವರನ್ನು ಎಳೆದುಕೊಂಡ ಮೇಲೆ ಯಾವ ಕಡೆ ದಂಡೆ ಎಂದೇ ತಿಳಿಯದು. ಆಗ ಗಂಟೆ ಕೇಳಿಸಿತು. ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಕೂ ಗಂಟೆ ಬಾರಿಸುತ್ತಲೇ ಇದ್ದರು. ನಾವು ಆ ಸದ್ದು ಹಿಡಿದು ಬಂದೆವು.

ದಂಡೆಗೆ ಬಂದ ಮೇಲೆ ವೈನಿ ಮೊದಲು ಮಾತಾಡಿದ್ದು ನನ್ನ ಜೊತೆ. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

"ನಿಮ್ಮ ದನಿ ಕೇಳಸ್ತರಿ. ಎಲ್ಲಾರೂ ಬಂದಾರ ಅಂದ್ರಿ. ಎರಡ ಸಲ ಅಂದ್ರಿ. ಅಲ್ಲೀಮಟಾ ಒದರಾಕತ್ತಿದ್ದೆ. ಅದನ್ನ ಕೇಳಿದ ಮ್ಯಾಲೆ ಒದರೂದು ಬಿಟ್ಟೆ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕಾಕೂ ಅಲ್ಲೇ ನಿಂತಿದ್ದರು, ಪ್ರತಿ ಮಾತೂ ಕೇಳಿಸಿಕೊಂಡರು. ಒದ್ದೆ ಸೆರಗಿನಿಂದಲೇ ಸೊಸೆಯ ಒದ್ದೆ ತಲೆ ಒರೆಸಿದರು.

ಅತ್ತೆ ಸೊಸೆ ನಾಲ್ಕು ದಿನ ಮಾತಾಡಲಿಲ್ಲ ಎಂದು ಆಮೇಲೆ ತಿಳಿಯಿತು. ಮುಂದಿನ ರವಿವಾರ ನಾನು ಕೆಲಸ ಬಿಡುತ್ತೇನೆಂದು ಹೇಳಲು ಹೋದೆ. ಪಾಂಡು ಹಲಗೆಯ ಕೆಳಗಿನ ಸಾಲಿನಲ್ಲಿ ಐದು ಹೊಸ ಮೊಳೆ ಹೊಡೆಯುತ್ತಿದ್ದ. ಕಾಕೂ ತಾವು ದಿನಾ ನೀರು ಕುಡಿಯುತ್ತಿದ್ದ ಹಿತ್ತಾಳೆ ತಂಬಿಗೆಯನ್ನು ತುಂಡು ಮಾಡಿಸಿ, ನೀರಿಗಿಳಿಯುವ ಮನೆಯವರಿಗೆಂದು ಐದು ಬಿಲ್ಲೆ ತಂದಿದ್ದರು. ವೈನಿಯನ್ನು ಕರೆದು, ಅಂಗೈಗೆ ಒಂದು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಮಡಚಿದ ಮುಷ್ಟಿಯನ್ನು ಬಿಡಲಿಲ್ಲ.

"ತಪ್ಪು ನಂದವ್ವಾ. ಎಣಸಿದ್ರ ಕಡಿಮಿ ಆಗ್ತಾರ ಅಂತ ಅಂಜಿದೆ. ಎಣಸದ ಕಳಕೊಳ್ತಿದ್ದೆ."

ವೈನಿ ಅತ್ತರು. ನಾನೂ ಅತ್ತೆ, ನಾಚಿಕೆಯೇನಿಲ್ಲ. ಉಳಿದ ನಾಲ್ಕರಲ್ಲಿ ಒಂದು ಮಗನದು, ಒಂದು ಪಾಂಡುವಿನದು, ಒಂದು ಅವರದೇ. ಕೊನೆಯದನ್ನು ನನ್ನ ಕೈಗೆ ಇಟ್ಟರು.

"ನಾ ಎಂದ ನೀರಿಗೆ ಇಳೀತೀನ್ರಿ?"

"ಆವತ್ತ ಇಳದ್ಯಲ್ಲೋ," ಎಂದರು. "ನೀ ಹೇಳಿದ್ದು ನಾ ಹೇಳಿಸಿದ್ದು. ಅದನ್ನ ಮನಸಿಗೆ ಹಚ್ಚಿಕೋಬ್ಯಾಡ."

ಕೆಲಸ ಬಿಡಲಿಲ್ಲ. ಆದರೆ ಆ ವಾಕ್ಯ ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ. ಸಂಜೆ ಹಲಗೆ ತುಂಬಿದಾಗ ಮೈಕು ಎತ್ತುತ್ತಿದ್ದೆ, ಇಡುತ್ತಿದ್ದೆ. ಕಾಕೂ ಜುಲುಮೆ ಮಾಡಲಿಲ್ಲ. ಅದರ ಬದಲು ಮೂರು ಸಲ ಗಂಟೆ ಬಾರಿಸುವ ಪದ್ಧತಿ ಮಾಡಿದರು. ಬಾರಿಸುವ ಮೊದಲು ಪ್ರತಿ ಸಲ ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ನಾನು ಮೈಕಿನ ತಂತಿ ಸುತ್ತುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ಮುಂದಿನ ವರ್ಷಗಳಲ್ಲಿ ಪಾರ್ಕು ಸೊರಗಿತು. ಮಕ್ಕಳು ಮಾಲುಗಳಿಗೆ ಹೋದರು, ಕೆರೆ ನಾರತೊಡಗಿತು, ಜಾಗದ ಕರಾರು ಮುಂದುವರಿಯಲಿಲ್ಲ. ಮಗ ಮುಚ್ಚೋಣ ಎಂದಾಗಲೆಲ್ಲ ಕಾಕೂ, "ನಾ ಇರೂಮಟಾ ಗೇಟ್ ಹಾಕಾಂಗಿಲ್ಲ," ಎಂದು ಹಲಗೆಯ ಕೆಳಗೆ ಕೂತುಬಿಡುತ್ತಿದ್ದರು. ಒಂದು ದೋಣಿಯೂ ನೀರಿಗಿಳಿಯದ ದಿನವೂ ಸಂಜೆ ಬೆರಳಿನಿಂದ ಬಿಲ್ಲೆ ಮುಟ್ಟುತ್ತಿದ್ದರು. ಈಗ ಎಣಿಸುವಾಗ ಕೆಳಗಿನ ಸಾಲಿನಿಂದ ಶುರು. ಅವರ ಸ್ವಂತದ್ದು ಮಾತ್ರ ಮೊಳೆಯಲ್ಲಿರುತ್ತಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಹೋದ ತಿಂಗಳ ಆ ರವಿವಾರ ನಾನು ಹೋದಾಗ ರಾಟೆಯನ್ನು ಬಿಚ್ಚಿ ಲಾರಿಗೆ ಹೇರಿದ್ದರು. ಮಗ ಲಾರಿಯವನ ಜೊತೆ ಏನೋ ವಾದಿಸುತ್ತಿದ್ದ, ಪಾಂಡು ದೋಣಿಗಳನ್ನು ಬೋರಲು ಹಾಕುತ್ತಿದ್ದ. ಹಲಗೆ ಹಾಗೇ ಇತ್ತು. ವೈನಿ ಪರ್ಸಿನಿಂದ ಒಂದು ಬಿಲ್ಲೆ ತೆಗೆದರು.

"ಆಪರೇಶನ್‌ಗೆ ಒಳಗ ಒಯ್ಯೂ ಮುಂದ ಅತ್ಯಾರು ಇದನ್ನ ನನ್ನ ಕೈಯಾಗ ಇಟ್ಟು ಮುಷ್ಟಿ ಮಾಡಿಸಿದ್ರು," ಎಂದರು. "'ನಾ ಹೊರಗ ಬರಲಿಲ್ಲಂದ್ರ ಇದನ್ನ ನೀನ ಮೊಳಿಗೆ ಹಾಕು, ನಾನೂ ದಂಡಿಗೆ ಬಂದೆ ಅಂತ ತಿಳಿ. ಆಮ್ಯಾಲೆ ಗೇಟ್ ಹಾಕ್ರಿ. ಅವನ ಕಡಿಂದ ಹೇಳಸ್ರಿ, ಇಲ್ಲಂದ್ರ ಆ ಹುಡುಗ ಜನ್ಮಪೂರ್ತಿ ನೀರಾಗ ಉಳೀತಾನ,' ಅಂದ್ರು."

ಅರವತ್ತು ಸಮೀಪಿಸಿದ ನನ್ನನ್ನು ಹುಡುಗ ಎನ್ನಲು ಇನ್ನು ಯಾರಿದ್ದಾರೆ?

ವೈನಿ ಬಿಲ್ಲೆಯನ್ನು ಕೆಳಗಿನ ಸಾಲಿನ ಖಾಲಿ ಮೊಳೆಗೆ ಹಾಕಿದರು. ಪಾಂಡು ಮೈಕು ತಂದು ಕೊಟ್ಟ. ನಾನು ಹಿಡಿದೆ. ಕೆರೆಯ ಮೇಲೆ ಯಾರೂ ಇರಲಿಲ್ಲ, ಜಲಪರ್ಣಿ ನೇರಳೆ ಹೂ ಬಿಟ್ಟಿತ್ತು. ಮೈಕನ್ನು ಬಾಯಿ ಹತ್ತಿರ ತಂದು ಎಂದಿನಂತೆ ಕೆಳಗಿಳಿಸಿದೆ.

"ಮೊದಲ ಎಣಸ್ರಿ," ಎಂದರು ವೈನಿ.

ಕೆಳಗಿನ ಸಾಲಿನಿಂದ ಬೆರಳಿಟ್ಟು ಎಣಿಸಿದೆ. ಮನೆಯವರು ಐದು. ಊರವರು ನಲವತ್ತು. ಒಂದು ಮೊಳೆಯೂ ಖಾಲಿ ಇಲ್ಲ. ಆದರೂ ನಾನು ನೀರಿನ ಕಡೆಗೇ ನೋಡುತ್ತಿದ್ದೆ, ಒಡ್ಡಿನ ಆ ಮೂಲೆಗೆ. ವೈನಿ ಬಂದು ನನಗೂ ಕೆರೆಗೂ ನಡುವೆ ನಿಂತರು.

"ಅಲ್ಲೇನು ನೋಡ್ತೀರಿ? ನಾ ಇಲ್ಲಿದ್ದೀನಿ. ನನ್ನ ನೋಡಿ ಹೇಳ್ರಿ."

ನಾನು ಅವರನ್ನು ನೋಡಿದೆ. ಆ ಮಾತನ್ನು ಎಂದೂ ಹೇಳದ ಭಾಷೆಯಲ್ಲಿ, ನಮ್ಮ ಭಾಷೆಯಲ್ಲಿ ಹೇಳಿದೆ.

"ಎಲ್ಲಾರೂ ದಂಡಿಗೆ ಬಂದಾರ. ನೀರಾಗ ಯಾರೂ ಇಲ್ಲ."

ವೈನಿ ಗೇಟಿನ ಕಡೆ ನಡೆದರು.